ಹಸಿರು ಬೋಕಿ ಸಿಕ್ಕ ಬೇಸಿಗೆ

ತುಮಕೂರಿನ ಬಟವಾಡಿಯ ನಮ್ಮ ಬಾಡಿಗೆ ಮನೆಯ ಎದುರು ಹೊಸದಾಗಿ ಒಂದು ಕ್ಲಿನಿಕ್ ಆಗಿದೆ. ಅದರ ಮುಂದಿನ ಅಂಗೈಯಗಲದ ಜಾಗದಲ್ಲಿ ಗಾರ್ಡನ್ ಮಾಡಬೇಕೆಂದು ಮೊನ್ನೆ ಒಂದು ಟ್ರ್ಯಾಕ್ಟರ್ ಮಣ್ಣು ತಂದು ಸುರಿದರು. ಕಪ್ಪು ಮಣ್ಣು, ಇನ್ನೂ ಹಸಿ. ಬಾಲ್ಕನಿಯಲ್ಲಿ ಕಾಫಿ ಕುಡಿಯುತ್ತಾ ನಿಂತಿದ್ದವಳು ಲೋಟ ಕೆಳಗಿಟ್ಟೆ. ಕೊಳೆತ ಜೊಂಡು, ಸತ್ತ ಮೀನು, ತುಕ್ಕು ಹಿಡಿದ ಕಬ್ಬಿಣ, ಇವೆಲ್ಲದರ ಅಡಿಯಲ್ಲಿ ಏನೋ ಒಂದು ತಂಪು. ಕೆರೆ ಗೋಡಿನ ವಾಸನೆ. ನಮ್ಮ ಕಡೆ ಕೆರೆ ಬತ್ತಿದ ಬೇಸಿಗೆಯಲ್ಲಿ ಹೂಳನ್ನು ಎತ್ತಿ ತೆಂಗಿನ ತೋಟಗಳಿಗೆ ಹೊಡೆಸುತ್ತಾರೆ. ಅದಕ್ಕೇ ಗೋಡು ಹೊಡೆಸುವುದು ಅನ್ನುತ್ತಾರೆ. ತೋಟ ಇರುವವರ ಮೂಗಿಗೆ ಅದು ಸೌಭಾಗ್ಯದ ವಾಸನೆ. ನಾನು ಒಳಗೆ ಬಂದು ಬಾಗಿಲು ಹಾಕಿಕೊಂಡೆ.

ಆ ಬೇಸಿಗೆಯ ವಿಷಯವನ್ನು ನಾನು ಯಾರಿಗೂ ಪೂರ್ತಿ ಹೇಳಿಲ್ಲ. ಹೇಳಲು ಹೊರಟರೆ ಕೇಳುವವರು, "ಅಯ್ಯೋ, ಒಂದು ಮಡಕೆ ಚೂರಿಗೆ ಇಷ್ಟೊಂದಾ ಮೇಡಂ?" ಅನ್ನುತ್ತಾರೆ. ಇಷ್ಟೊಂದೇ.

ನಾನು ಹಿಸ್ಟರಿ ಲೆಕ್ಚರರ್ ಆಗಿದ್ದವಳು. ಮೊದಲ ಪೋಸ್ಟಿಂಗ್ ಕುಣಿಗಲ್. ಅಲ್ಲಿದ್ದಾಗ ಹುಡುಗಿಯರನ್ನು ಹುತ್ರಿದುರ್ಗಕ್ಕೆ ಪಿಕ್‌ನಿಕ್ ಕರೆದುಕೊಂಡು ಹೋಗಿದ್ದೆ. ಬೆಟ್ಟ ಇಳಿದು ವಾಪಸ್ಸು ಬರುವಾಗ ಒಂದು ಹೊಲದ ಬದುವಿನಲ್ಲಿ ವಾಲಿಕೊಂಡ ಕಲ್ಲು ಕಂಡಿತು. ಅದರ ಮೇಲೆ ತಕ್ಕಡಿ, ದೀಪ, ಬಸವ, ಚೂರಿ. ಅಕ್ಷರವೆಲ್ಲ ಸವೆದಿತ್ತು, ಗುರುತುಗಳು ಮಾತ್ರ ನೆಟ್ಟಗಿದ್ದವು. ಸಾವಿರ ವರ್ಷದ ಹಿಂದೆ ಊರಿಂದೂರಿಗೆ, ನಾಡಿಂದ ನಾಡಿಗೆ ಸರಕು ಸಾಗಿಸುತ್ತಿದ್ದ ವರ್ತಕರ ಸಂಘಗಳ ಗುರುತು ಅವು. ಇಲ್ಲಿ ಇವರಿಗೇನು ಕೆಲಸ? ಸಮುದ್ರ ಎಲ್ಲಿ, ಈ ರಾಗಿ ಹೊಲ ಎಲ್ಲಿ? ಆವತ್ತು ಹತ್ತಿದ ಹುಳು ಆಮೇಲೆ ಬಿಡಲೇ ಇಲ್ಲ.

ನನ್ನ ಥಿಯರಿ ಬಹಳ ಸಿಂಪಲ್. ಸಮುದ್ರ ದಾಟಿ ಬಂದ ಸರಕು ತಮಿಳುನಾಡಿನ ದಡದಲ್ಲಿ ಇಳಿದು ಕಾವೇರಿ ಹಿಡಿದು ಮೇಲೆ ಬರುತ್ತಿತ್ತು. ಕಾವೇರಿಗೆ ನಮ್ಮ ಶಿಂಷಾ ಸೇರುವಲ್ಲಿ ಒಂದು ಕವಲು ಒಡೆದು, ಕುಣಿಗಲ್ ಸೀಮೆ ಹಾದು, ಕಡಬ, ಗುಬ್ಬಿಯ ಕಡೆ ಏರುತ್ತಿತ್ತು. ದೋಣಿಯಲ್ಲಲ್ಲ, ಕತ್ತೆ, ಎತ್ತುಗಳ ಮೇಲೆ. ನದಿಯ ದಾರಿ ಎಂದರೆ ನದಿಯ ಪಕ್ಕದ ದಾರಿ. ಪ್ರಾಣಿಗೆ ನೀರು, ಮೇವು, ಇಳಿದುಕೊಳ್ಳಲು ಮರಳು. ಇದನ್ನು ನಾನು ಎಷ್ಟು ಬಿಡಿಸಿ ಹೇಳಿದರೂ ಸ್ಟಾಫ್ ರೂಮಿನಲ್ಲಿ, "ಮಂಡಿಯುದ್ದ ನೀರಿಲ್ಲದ ಶಿಂಷಾದಲ್ಲಿ ಹಡಗು ಬಿಟ್ರಲ್ಲ ಮೇಡಂ" ಎಂದು ನಗುತ್ತಿದ್ದರು. ನನ್ನ ಬೆನ್ನ ಹಿಂದಿನ ಹೆಸರೇ ಹಡಗು ಮೇಡಂ. ಕಲ್ಲೊಂದು ಬಿಟ್ಟರೆ ನನ್ನ ಕೈಯಲ್ಲಿ ಪ್ರೂಫ್ ಇರಲಿಲ್ಲ. ಪ್ರೂಫ್ ಇಲ್ಲದೆಯೇ ರಿಟೈರ್ ಆದೆ.

ರಿಟೈರ್ ಆಗಿ ಎಷ್ಟೋ ಕಾಲದ ಮೇಲೆ, ಒಂದು ಮಾರ್ಚಿನಲ್ಲಿ, ಗಿರಿಜಾ ಫೋನ್ ಮಾಡಿದಳು.

ಗಿರಿಜಾ ಯಾರೆಂದರೆ, ನನ್ನ ಗಿರಿಜಾ. ತುಮಕೂರಿನ ಕಾನ್ವೆಂಟಿನಲ್ಲಿ ಇಬ್ಬರೂ ಆರನೇ ಕ್ಲಾಸಿನಿಂದ ಒಂದೇ ಬೆಂಚು. ಅವಳು ಗುಬ್ಬಿ ಕಡೆಯ ತೋಟದವರ ಮನೆಯ ಹುಡುಗಿ, ಬೋರ್ಡಿಂಗಿನಲ್ಲಿದ್ದಳು. ಬೆಳಿಗ್ಗೆ ಹಣೆಯ ವಿಭೂತಿ ಒರೆಸಿಕೊಳ್ಳದೆ ಅಸೆಂಬ್ಲಿಗೆ ಬಂದು ಸಿಸ್ಟರ್ ಹತ್ತಿರ ಬೈಸಿಕೊಳ್ಳುವಳು, ಸಾಯಂಕಾಲ ಚಾಪೆಲ್ಲಿನಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ಹಿಮ್ ಹಾಡುವಳು. ನಾನು ಡೇ ಸ್ಕಾಲರ್, ಊರಿನ ಪೋಸ್ಟ್ ಮಾಸ್ಟರ್ ಮಗಳು. ನನ್ನ ಡಬ್ಬಿಯ ಚಿತ್ರಾನ್ನ ಅವಳಿಗೆ, ಅವಳ ಮನೆಯಿಂದ ಬರುತ್ತಿದ್ದ ಕೊಬ್ಬರಿ ಮಿಠಾಯಿ ನನಗೆ. ನಾನು ಮದುವೆಯಾಗಲಿಲ್ಲ. ಅವಳು ಮದುವೆಯಾಗಿ, ಗುಬ್ಬಿಯ ಹತ್ತಿರವೇ ಗಂಡನ ತೋಟಕ್ಕೆ ಹೋಗಿ, ಗಂಡ ತೀರಿಕೊಂಡ ಮೇಲೆ ಆ ತೋಟವನ್ನು ಒಬ್ಬಳೇ ನಡೆಸಿದಳು. ನನ್ನ ಶಿಂಷಾ ಕಥೆಯನ್ನು ಒಮ್ಮೆಯೂ ನಗದೆ ಕೇಳಿದವಳು ಅವಳೊಬ್ಬಳೇ.

"ಏನೇ ಸುನಂದಾ, ಬದುಕಿದೀಯಾ?" ಅಂದಳು ಫೋನಿನಲ್ಲಿ. "ಡ್ರಿಪ್ ಪೈಪಿಗೆ ಗುಳಿ ತೆಗೆಸ್ತಿದ್ದೆ ಕಣೇ. ಅದೇನೋ ಬೋಕಿ ಸಿಗ್ತಾ ಇದೆ. ಪಿಂಗಾಣಿ ಥರ, ಹಸಿರು. ನಿನ್ನ ಹಡಗಿಂದು ಏನಾದ್ರೂ ಇರ್ಬೋದು, ಬಾರೇ."

ಮರುದಿನ ಮೊದಲ ಬಸ್ಸಿಗೆ ಹೋದೆ. ಜಗಲಿಯ ಮೇಲೆ ಬೋಕಿಯ ಚೂರುಗಳನ್ನು ಮೊರದಲ್ಲಿ ಹರಡಿಟ್ಟಿದ್ದಳು, ಅಕ್ಕಿ ಆರಿಸಲು ಇಟ್ಟ ಹಾಗೆ. ನಾನು ಕನ್ನಡಕ ಸರಿಮಾಡಿಕೊಂಡು ಒಂದು ಚೂರನ್ನು ಕೈಗೆತ್ತಿಕೊಂಡೆ. ಎಳೆ ವೀಳ್ಯದೆಲೆಯ ಬಣ್ಣ, ಮೇಲೆ ಗಾಜಿನ ಹಾಗೆ ಹೊಳಪು, ಮುರಿದ ಅಂಚಿನಲ್ಲಿ ಬೂದು. ಸೆಲಡಾನ್. ಚೀನಾದ ಪಿಂಗಾಣಿ. ಹಡಗಿನಲ್ಲಿ ಬಂದದ್ದಲ್ಲದೆ ಬೇರೆ ದಾರಿಯೇ ಇಲ್ಲ. ಪಕ್ಕದಲ್ಲಿ ಕೆಂಪು ಕಾರ್ನೀಲಿಯನ್ ಮಣಿ, ಗುಜರಾತಿನ ಕಡೆಯ ಕಲ್ಲು. ಸಾಸಿವೆಗಿಂತ ಸ್ವಲ್ಪ ದೊಡ್ಡದಾದ ನೀಲಿ ಗಾಜಿನ ಮಣಿಗಳು. ನನಗೆ ಕೂರಬೇಕೆನಿಸಿತು. ಕೂತೆ. ಅತ್ತುಬಿಟ್ಟೆ ಅಂತ ಕಾಣುತ್ತದೆ, ಯಾಕೆಂದರೆ ಗಿರಿಜಾ ತನ್ನ ಸೆರಗಿನಿಂದ ನನ್ನ ಮುಖ ಒರೆಸಿದಳು.

"ಸಾಕು ಸುಮ್ನಿರೇ. ಬೋಕಿ ನೋಡಿ ಅಳೋರನ್ನ ನಿನ್ನೇ ನೋಡಿದ್ದು."

ಆದರೆ ನಾನು ತುಮಕೂರಿನವಳು. ಅತ್ತರೂ ಕೇಳಬೇಕಾದ್ದನ್ನು ಕೇಳಿದೆ. ಪುರಾತತ್ತ್ವದಲ್ಲಿ ವಸ್ತುವಿಗಿಂತ ಅದು ಸಿಕ್ಕ ಜಾಗ ದೊಡ್ಡದು. ಜಾಗ ಹೋದರೆ ವಸ್ತು ಅಂಗಡಿಯ ಸಾಮಾನು. ಮತ್ತು ನಮ್ಮ ಜಿಲ್ಲೆಯಲ್ಲಿ ತೋಟದ ಮಣ್ಣು ತೋಟದ್ದೇ ಎಂದು ನಂಬುವಂತಿಲ್ಲ.

"ಗಿರಿಜಾ, ಈ ತೋಟಕ್ಕೆ ಗೋಡು ಹೊಡೆಸಿದೀಯಾ?"

"ಇಲ್ಲ ಕಣೇ."

"ಯಾವತ್ತಾದ್ರೂ? ನಿಮ್ಮ ಯಜಮಾನರ ಕಾಲದಲ್ಲಿ?"

"ಇಲ್ವೇ ಮಾರಾಯ್ತಿ. ಕಪ್ಪು ಮಣ್ಣು ಅಂತಾನಾ? ಅದು ಹೊಳೆ ಮಣ್ಣು. ಹೊಳೆ ಮೊದ್ಲು ಈ ಕಡೇನೇ ಹರೀತಿತ್ತಂತೆ, ನಮ್ಮ ಮಾವ ಹೇಳೋರು. ಗಾಡ್ ಪ್ರಾಮಿಸ್."

ಗಾಡ್ ಪ್ರಾಮಿಸ್ ಎನ್ನುವಾಗ ಕತ್ತು ಮುಟ್ಟಿಕೊಂಡಳು, ಕಾನ್ವೆಂಟಿನಲ್ಲಿ ಮಾಡುತ್ತಿದ್ದ ಹಾಗೆಯೇ. ನಾನು ನಕ್ಕೆ. ನೋಟ್ಸಿನಲ್ಲಿ ಬರೆದುಕೊಂಡೆ: ಹೊರಗಿನ ಮಣ್ಣು ಹಾಕಿಲ್ಲ, ತೋಟದ ಮಾಲೀಕರ ಹೇಳಿಕೆ.

ಆ ಬೇಸಿಗೆ ಪೂರ್ತಿ ನಾನು ಅಲ್ಲೇ. ಇಡೀ ಸೀಮೆ ಬಾಣಲೆಯಾಗಿತ್ತು. ಕಡಬದ ಕಡೆ ಕೆರೆ ಬತ್ತಿ, ಅಂಗಳ ಬಿರಿದು, ಹೂಳೆತ್ತುವ ಯಂತ್ರಗಳು ಇಳಿದಿದ್ದವು. ಬೆಳಿಗ್ಗೆ ಬಿಸಿಲೇರುವ ಮೊದಲು ನಾನು ತೆಂಗಿನ ಸಾಲುಗಳ ಮಧ್ಯೆ ದಾರ ಕಟ್ಟಿ, ಚೌಕ ಮಾಡಿ, ಮೊಣಕಾಲೂರಿ, ಬ್ರಷ್ಷಿನಲ್ಲಿ ಮಣ್ಣು ಸರಿಸುತ್ತಿದ್ದೆ. ಮೊಣಕಾಲಿಗೆ ಗಿರಿಜಾ ಹಳೆಯ ದಿಂಬು ಕಟ್ಟಿಕೊಟ್ಟಿದ್ದಳು. ಚೂರು ಸಿಕ್ಕ ಕಡೆಯೆಲ್ಲ ಒಂದು ಕಡ್ಡಿ, ಕಡ್ಡಿಗೊಂದು ಬಟ್ಟೆ ಚಿಂದಿ. ತೋಟ ನೋಡಿಕೊಳ್ಳುತ್ತಿದ್ದ ಪುಟ್ಟಸ್ವಾಮಿ ಎಳನೀರು ಕೊಚ್ಚಿ ಕೊಡುತ್ತಾ, "ಏನಮ್ಮಾ, ಚಿಂದಿ ಬೆಳೆ ಚೆನ್ನಾಗ್ ಬಂದದಲ್ಲ ಈ ಸಲ?" ಎನ್ನುತ್ತಿದ್ದ.

"ನಿಂಗೂ ಸಿಕ್ಕಿದ್ರೆ ತೋರಿಸಪ್ಪ, ಎಸೀಬೇಡ."

"ನಂಗೇನ್ ಗೊತ್ತಾಯ್ತದೆ ಬುಡಿ. ಎಲ್ಲಾ ಅಮ್ಮೋರ್ನೇ ಕೇಳಿ," ಅಂದು ಕಾಯಿ ರಾಶಿಯ ಕಡೆ ಹೋಗಿಬಿಡುತ್ತಿದ್ದ. ನಾಚಿಕೆಯ ಮನುಷ್ಯ ಎಂದುಕೊಂಡಿದ್ದೆ.

ಬೇಲಿಯ ಆಚೆ ಮಣ್ಣಿನ ರಸ್ತೆ. ಅದರ ಮೇಲೆ ದಿನವಿಡೀ ಗೋಡು ತುಂಬಿದ ಟಿಪ್ಪರ್‌ಗಳು ಓಡುತ್ತಿದ್ದವು, ಆ ಕಡೆಯ ತೋಟಗಳಿಗೆ. ನನ್ನ ಟೀ ಲೋಟದೊಳಕ್ಕೆ, ತೊಳೆದು ಒಣಗಲು ಇಟ್ಟ ಚೂರುಗಳ ಮೇಲೆ, ಬಿಳಿ ಕೂದಲ ಮೇಲೆ ಧೂಳು. ಎದ್ದು ನಿಂತು ಇಂಗ್ಲಿಷಿನಲ್ಲಿ ಬೈಯುತ್ತಿದ್ದೆ. ಡ್ರೈವರುಗಳು ಹಾರನ್ ಹೊಡೆದು ಕೈ ಬೀಸುತ್ತಿದ್ದರು. ಗಿರಿಜಾ ಜಗಲಿಯಿಂದ, "ಬಿಡೇ, ಪಾಪ, ಅವರ ಕೆಲಸ ಅವರು ಮಾಡ್ತಾರೆ" ಎನ್ನುತ್ತಿದ್ದಳು.

ಮಧ್ಯಾಹ್ನ ಮುದ್ದೆ, ಉಪ್ಸಾರು. ಆಮೇಲೆ ಇಬ್ಬರೂ ನಡುಮನೆಯ ತಣ್ಣನೆಯ ನೆಲದ ಮೇಲೆ ಮಲಗಿ ಮಾತು. ಬೋರ್ಡಿಂಗಿನಲ್ಲಿ ಯಾವ ವಾರ ಯಾವ ಊಟ, ಯಾವ ಸಿಸ್ಟರ್ ಯಾರನ್ನು ಮೊಣಕಾಲ ಮೇಲೆ ನಿಲ್ಲಿಸಿದರು, ಯಾವ ಹಿಮ್ಮಿನ ಎರಡನೇ ಸಾಲು ಏನು, ಎಲ್ಲ ಅವಳಿಗೆ ನೆನಪು. ನಾನು ಹಾದಿ ತಪ್ಪಿದಲ್ಲೆಲ್ಲ ಅವಳು ತಿದ್ದುತ್ತಿದ್ದಳು. ಅಂಥ ಸುಖದ ದಿನಗಳು ನನ್ನ ಬಾಳಿನಲ್ಲಿ ಹೆಚ್ಚಿಲ್ಲ. ಅದನ್ನೂ ಬರೆಯಲೇಬೇಕು, ಇಲ್ಲದಿದ್ದರೆ ಸುಳ್ಳಾಗುತ್ತದೆ.

ಮೇ ತಿಂಗಳಲ್ಲಿ ತುಮಕೂರಿನಲ್ಲೊಂದು ಸೆಮಿನಾರ್ ಇತ್ತು. ನಾನು ಪೇಪರ್ ಓದಿದೆ. ಸ್ಕ್ರೀನಿನ ಮೇಲೆ ಹಸಿರು ಚೂರು ತೋರಿಸಿದೆ. ಹಿಂದೆ ನಗುತ್ತಿದ್ದವರೇ ಎದ್ದು ಬಂದು ಕೈ ಕುಲುಕಿದರು. ಪತ್ರಿಕೆಯ ಜಿಲ್ಲಾ ಪುಟದಲ್ಲಿ ನನ್ನ ಫೋಟೋ ಸಮೇತ ಬಂತು: ಗುಬ್ಬಿ ಬಳಿ ಸಾವಿರ ವರ್ಷದ ಹಿಂದಿನ ವರ್ತಕರ ತಂಗುದಾಣ. ಗಿರಿಜಾ ಆ ಪತ್ರಿಕೆಯ ಹತ್ತು ಪ್ರತಿ ಕೊಂಡಳೆಂದು ಪುಟ್ಟಸ್ವಾಮಿ ಹೇಳಿದ. ನನ್ನ ಮೇಲಿನ ಪ್ರೀತಿ ಎಂದುಕೊಂಡೆ.

ಪೇಪರ್ ಕೇಳಿದ ಮೈಸೂರಿನ ಪ್ರೊಫೆಸರ್ ಒಬ್ಬರು, ಆರ್ಕಿಯಾಲಜಿಯಲ್ಲಿ ತಲೆ ನೆರೆಸಿಕೊಂಡವರು, ತಾವೇ ಬಂದು ಒಂದು ಚಿಕ್ಕ ಟ್ರಯಲ್ ಪಿಟ್ ತೆಗೆದು ನೋಡುತ್ತೇನೆಂದರು. ಮಣ್ಣಿನ ಪದರಗಳು ಸಿಕ್ಕರೆ ಕಾಲ ಗಟ್ಟಿಯಾಗುತ್ತದೆ, ಸರ್ಕಾರದ ಅನುಮತಿಗೆ ಬರೆಯಬಹುದು, ಸರಿಯಾದ ಉತ್ಖನನ ಮಾಡಿಸಬಹುದು. ನನಗೆ ರಾತ್ರಿಯೆಲ್ಲ ನಿದ್ದೆಯಿಲ್ಲ. ಗಿರಿಜಾ ಮಾತ್ರ, "ಅಗೆಯೋದೆಲ್ಲ ಯಾಕೆ? ಪೇಪರಲ್ಲೇ ಬಂತಲ್ಲ, ಸಾಲ್ದಾ?" ಎಂದಳು. ತೆಂಗಿನ ಬೇರಿಗೆ ಪೆಟ್ಟಾದೀತೆಂಬ ಕಾಳಜಿಯೇನೋ ಎಂದು, ಸಾಲುಗಳ ನಡುವೆ, ಬೇರಿನಿಂದ ದೂರ ಜಾಗ ಗುರುತು ಮಾಡಿಕೊಟ್ಟೆ.

ಜೂನ್ ಮೊದಲ ವಾರ. ಮೋಡ ಕಟ್ಟಿತ್ತು, ಸುರಿದಿರಲಿಲ್ಲ, ಸೆಖೆ. ಪ್ರೊಫೆಸರ್ ಅಗಲವಾದ ಹ್ಯಾಟ್ ಹಾಕಿಕೊಂಡು ಗುಣಿಯಲ್ಲಿ ಕೂತು ಕರಣೆಯಲ್ಲಿ ಮಣ್ಣನ್ನು ಕೆರೆಯುತ್ತಾ ಇಳಿದರು. ಪುಟ್ಟಸ್ವಾಮಿ ಬಾಂಡಲಿಯಲ್ಲಿ ಮಣ್ಣು ಎತ್ತಿ ಹಾಕುತ್ತಿದ್ದ. ಗಿರಿಜಾ ಒಂದು ಮರಕ್ಕೆ ಒರಗಿ ನಿಂತಿದ್ದಳು. ಕಪ್ಪು ಮಣ್ಣು, ಒಂದು ಮಣಿ, ಎರಡು ಚೂರು. ಮತ್ತೆ ಕಪ್ಪು ಮಣ್ಣು, ತುಂಬ ಬಸವನಹುಳದ ಚಿಪ್ಪು. ಮೊಣಕಾಲಿನ ಆಳಕ್ಕೆ ಬಂದಾಗ ಕಪ್ಪು ಮುಗಿದು, ಕೇಕ್ ಕತ್ತರಿಸಿದ ಹಾಗೆ ನೇರ ಗೆರೆಯಲ್ಲಿ ಕೆಂಪು ಮಣ್ಣು ಶುರುವಾಯಿತು. ಆ ಗೆರೆಯಲ್ಲಿ, ಕಪ್ಪಿನ ಕೆಳಗೆ, ಕೆಂಪಿನ ಮೇಲೆ, ಚಪ್ಪಟೆಯಾಗಿ ಅಂಟಿಕೊಂಡಿತ್ತು ನೀಲಿ ಅಕ್ಷರದ ಹಾಲಿನ ಪ್ಯಾಕೆಟ್.

ಪುಟ್ಟಸ್ವಾಮಿ ಬಗ್ಗಿ ನೋಡಿ, "ಆವಾಗ್ಲೂ ಹಾಲು ಪಾಕೀಟಲ್ಲೇ ಬರ್ತಿತ್ತಾ ಸಾ?" ಅಂದ. ಪ್ರೊಫೆಸರ್ ಜೋರಾಗಿ ನಕ್ಕರು. ಆಮೇಲೆ ತಲೆಯೆತ್ತಿ ನನ್ನ ಮುಖ ನೋಡಿದರು. ನಗು ನಿಲ್ಲಿಸಿದರು.

"ಮೇಡಂ," ಎಂದರು, ಆಸ್ಪತ್ರೆಯಲ್ಲಿ ಡಾಕ್ಟರು ಮಾತಾಡುವ ದನಿಯಲ್ಲಿ, "ಇದು ಕೆರೆ ಮಣ್ಣು. ಹೊರಗಿಂದ ತಂದು ಹಾಸಿರೋದು. ಹೆಚ್ಚೆಂದ್ರೆ ಒಂದೆರಡು ವರ್ಷ ಆಗಿದೆ. ಬೋಕಿ ಅಸಲಿ, ಅದರಲ್ಲಿ ನಂಗೆ ಡೌಟೇ ಇಲ್ಲ. ಜಾಗ ಮಾತ್ರ ಇದಲ್ಲ."

ನಾನು ಗಿರಿಜಾಳ ಕಡೆ ತಿರುಗಿದೆ. ಆಶ್ಚರ್ಯ ಪಟ್ಟ ಮುಖವನ್ನು ನೋಡಬೇಕೆಂದು ತಿರುಗಿದ್ದು. ಅವಳಿಗೆ ಆಶ್ಚರ್ಯವಾಗಿರಲಿಲ್ಲ. ಬೇಜಾರಾಗಿತ್ತು, ಹಾಲು ಉಕ್ಕಿದಾಗ ಆಗುವಷ್ಟು.

ಪ್ರೊಫೆಸರನ್ನು ಕಾರು ಹತ್ತಿಸಿ ಬಂದು ಅಡಿಗೆಮನೆಯ ಬಾಗಿಲಲ್ಲಿ ನಿಂತೆ. ಅವಳು ಕಾಫಿಗೆ ನೀರಿಡುತ್ತಿದ್ದಳು.

"ನಿಂಗೆ ಗೊತ್ತಿತ್ತು."

"ಹೂಂ."

"ಯಾಕೆ ಗಿರಿಜಾ?"

ಅವಳು ತಿರುಗಲಿಲ್ಲ. ಬೈಪಾಸ್ ರಸ್ತೆಗೆ ಅಳತೆಯವರು ಬಂದು ಹೋಗಿದ್ದರಂತೆ. ಗುರುತಿನ ಕಲ್ಲು ಸರಿಯಾಗಿ ತೋಟದ ಬಾವಿಯ ಪಕ್ಕ ಬಿತ್ತಂತೆ. ಹಳೇ ಕಾಲದ ಜಾಗ ಎಂದು ತೋರಿಸಿದರೆ ರಸ್ತೆ ಪಕ್ಕಕ್ಕೆ ಹೋಗುತ್ತದೆ ಎಂದು ಲಾಯರು ಹೇಳಿದನಂತೆ. ಅದೇ ಹೊತ್ತಿಗೆ ಡ್ರಿಪ್ ಗುಳಿಯಲ್ಲಿ ಬೋಕಿ ಸಿಕ್ಕಿತು.

"ಆ ಪೇಪರ್ ಕಟಿಂಗ್ ಪಿಟಿಷನ್ನಿಗೆ ಹಾಕಿದೀನಿ ಕಣೇ. ನಿನ್ನ ಹೆಸರು ಮೊದಲನೇ ಪೇಜಲ್ಲೇ ಇದೆ. ಖ್ಯಾತ ಇತಿಹಾಸಜ್ಞೆ ಅಂತ ಬರೆಸಿದೀನಿ."

ಆ ಮಾತನ್ನು ಅವಳು ಉಡುಗೊರೆ ಕೊಡುವ ಹಾಗೆ ಹೇಳಿದಳು.

"ನಂಗೆ ಮೊದಲೇ ಹೇಳಿದ್ರೆ ಬೇರೆ ಏನಾದ್ರೂ ದಾರಿ ಹುಡುಕ್ತಿದ್ದೆ. ನಿನ್ನ ಜೊತೆ ಆಫೀಸಿಂದ ಆಫೀಸಿಗೆ ಬರ್ತಿದ್ದೆ."

"ನಿಂಗೆ ಹೇಳಿದ್ರೆ ನೀನು ಬರೀತಿರಲಿಲ್ಲ. ನಿನ್ನ ನಾನು ನೋಡಿಲ್ವಾ? ಎಕ್ಸಾಮಲ್ಲಿ ಪಕ್ಕದೋಳಿಗೆ ಒಂದು ಆನ್ಸರ್ ತೋರಿಸ್ದೋಳಲ್ಲ ನೀನು. ನೀನು ನಂಬಿದ್ರೇನೇ ಬೇರೆಯೋರು ನಂಬೋದು."

ನನ್ನನ್ನು ಇಷ್ಟು ಚೆನ್ನಾಗಿ ಬಲ್ಲವಳು ಪ್ರಪಂಚದಲ್ಲಿ ಇನ್ನೊಬ್ಬಳಿಲ್ಲ. ಬಲ್ಲದ್ದನ್ನೆಲ್ಲ ಬಳಸಿಕೊಂಡಿದ್ದಳು.

ಆಗ ನನಗೆ ಇನ್ನೊಂದು ವಿಷಯ ಹೊಳೆಯಿತು. ಬೋಕಿ ಅಸಲಿ. ಅಂದರೆ ಆ ತಂಗುದಾಣ ಇದೆ, ಕೆರೆಯಂಗಳದಲ್ಲಿ ಎಲ್ಲೋ ಒಂದು ಕಡೆ. ಬಹುಶಃ ಹೊಳೆ ಕೆರೆಗೆ ಸೇರುವ ಅಂಚಿನಲ್ಲಿ, ಎತ್ತು, ಕತ್ತೆಗಳನ್ನು ಬಿಚ್ಚಿ, ಮೂಟೆ ಇಳಿಸಿದ ಜಾಗ. ನನ್ನ ಥಿಯರಿ ನಿಜ. ಮತ್ತು ಆ ಜಾಗದಲ್ಲಿ ಉಳಿದಿದ್ದನ್ನೂ ಈ ಬೇಸಿಗೆಯಲ್ಲಿ ಬಗೆದು, ಟಿಪ್ಪರಿಗೆ ತುಂಬಿ, ನನ್ನ ಕಣ್ಣ ಮುಂದೆ, ನನ್ನ ಬೇಲಿಯ ಪಕ್ಕದಲ್ಲೇ ಸಾಗಿಸುತ್ತಿದ್ದರು. ನಾನು ಮಣ್ಣಲ್ಲಿ ಮೊಣಕಾಲೂರಿ, ಧೂಳು ಎಂದು ಅವರನ್ನು ಬೈಯುತ್ತಿದ್ದೆ.

"ಗೋಡು ಕೆರೆಯ ಯಾವ ಕಡೆಯಿಂದ ತೆಗೆಸಿದ್ದೆ? ಅದೊಂದು ಹೇಳು. ಇನ್ನೂ ಮಳೆ ಬಂದಿಲ್ಲ. ಈಗಲೇ ಹೋಗಿ ನಿಲ್ಲಿಸ್ತೀನಿ."

ಅವಳು ಮೊದಲ ಸಲ ನನ್ನ ಮುಖ ನೋಡಿದಳು. "ಅದನ್ನ ಹೇಳೋಕಾಗಲ್ಲ ಕಣೇ. ಬೋಕಿ ನಮ್ಮ ತೋಟದ್ದೇ, ಮಾವನ ಕಾಲದಿಂದ ಸಿಗ್ತಿತ್ತು ಅಂತ ಪ್ರಮಾಣ ಮಾಡಿ ಬರ್ಕೊಟ್ಟಿದೀನಿ. ಈಗ ನೀನು ಕೆರೆಗೋಗಿ ಇಲ್ಲಿಂದ ತಂದಿದ್ದು ಅಂತ ಕೂಗಿದ್ರೆ ನನ್ನ ಗತಿ?"

ಹೊರಗೆ ಬಂದು ಪುಟ್ಟಸ್ವಾಮಿಯನ್ನು ಕೇಳಿದೆ. ಅವನು ಮಚ್ಚಿನ ಅಲಗನ್ನು ಬೆರಳಲ್ಲಿ ಸವರುತ್ತಾ ನೆಲ ನೋಡಿದ. "ನನ್ನ ಕೇಳ್ಬ್ಯಾಡಿ ಅಮ್ಮಾ. ಈ ತೋಟದ ಅನ್ನ ತಿಂತಾ ಇವ್ನಿ."

ಆಟೋ ಹಿಡಿದು ಒಬ್ಬಳೇ ಕಡಬದ ಕೆರೆಗೆ ಹೋದೆ. ಏರಿಯ ಮೇಲೆ ನಿಂತು ನೋಡಿದರೆ ದಿಗಂತದವರೆಗೆ ಗುಂಡಿಗಳು. ಯಾವ ಗುಂಡಿ? ಇಳಿದು, ಬಿಸಿಲಲ್ಲಿ, ಸೀರೆ ಎತ್ತಿ ಕಟ್ಟಿ, ಸುಸ್ತಾಗಿ ಕಣ್ಣು ಕತ್ತಲಿಡುವವರೆಗೆ ಗುಂಡಿಯಿಂದ ಗುಂಡಿಗೆ ನಡೆದೆ. ಮರುದಿನವೂ ಹೋದೆ. ಒಂದು ಚೂರೂ ಕಾಣಲಿಲ್ಲ. ಅದರ ಮಾರನೆಯ ದಿನ ಮಳೆ ಹಿಡಿಯಿತು. ಆಮೇಲೆ ಚಾನೆಲ್ಲಿನಿಂದ ನೀರು ಬಿಟ್ಟರು. ಜನ ಏರಿಯ ಮೇಲೆ ನಿಂತು ಕೆಂಪು ನೀರು ಅಂಗಳ ತುಂಬುವುದನ್ನು ನೋಡಿ ಕೈಮುಗಿದರು, ಮೊಬೈಲಿನಲ್ಲಿ ಫೋಟೋ ತೆಗೆದರು. ಅಷ್ಟು ಜನರ ಸಂತೋಷದ ನಡುವೆ ನಾನೊಬ್ಬಳೇ ಸೂತಕದವಳ ಹಾಗೆ ನಿಂತಿದ್ದೆ.

ಪೇಪರನ್ನು ವಾಪಸ್ಸು ತೆಗೆದುಕೊಳ್ಳುವುದಾಗಿ ಸೆಮಿನಾರಿನವರಿಗೆ ಬರೆದೆ. ಹಳೆಯ ಕೊಲೀಗ್ ಒಬ್ಬರು ಮಾರ್ಕೆಟ್ಟಿನಲ್ಲಿ ಸಿಕ್ಕಿ, "ಏನ್ ಮೇಡಂ, ಹಡಗು ಮುಳುಗ್ತಂತೆ?" ಎಂದರು. ಸೊಪ್ಪು ಕೊಳ್ಳದೆ ಮನೆಗೆ ಬಂದೆ. ವಾಪಸ್ಸು ತೆಗೆದುಕೊಂಡ ಸುದ್ದಿಯನ್ನು ಯಾವ ಪತ್ರಿಕೆಯೂ ಹಾಕಲಿಲ್ಲ. ಪಿಟಿಷನ್ನಿನಲ್ಲಿ ನಾನಿನ್ನೂ ಖ್ಯಾತಳೇ.

ರಸ್ತೆ ಕೊನೆಗೂ ಬೇರೆ ಕಡೆಯಿಂದ ಹೋಯಿತು. ಯಾವ ಕಾರಣಕ್ಕೋ, ದೇವರಿಗೇ ಗೊತ್ತು. ಗಿರಿಜಾ ಮಾತ್ರ ಅದು ನನ್ನಿಂದ ಆದದ್ದೆಂದು ನಂಬಿ, ಪುಟ್ಟಸ್ವಾಮಿಯ ಕೈಯಲ್ಲಿ ಒಂದು ಗೂಡ್ಸ್ ಆಟೋ ತುಂಬ ಎಳನೀರು ಕಳಿಸಿದಳು. "ಅಮ್ಮೋರು ಕೊಟ್ಟು ಬಾ ಅಂದ್ರು," ಎಂದು ಅವನು ಮೆಟ್ಟಿಲ ಕೆಳಗೆ ರಾಶಿ ಹಾಕಿದ. ಕೆಳಗಿನ ಮನೆಯವರು, ಆಟೋ ಸ್ಟ್ಯಾಂಡಿನವರು, ಎಲ್ಲ ಕುಡಿದರು. ನಾನು ಮುಟ್ಟಲಿಲ್ಲ.

ಆದರೂ ಒಂದು ಆಸೆ ಉಳಿದಿತ್ತು. ರಸ್ತೆಯ ಭಯ ತೀರಿತಲ್ಲ, ಪಿಟಿಷನ್ ಫೈಲು ಮುಚ್ಚಿತಲ್ಲ, ಇನ್ನು ಹೇಳಬಹುದಲ್ಲ? ನೀರಿನ ಅಡಿಯಲ್ಲಿದ್ದರೂ ಪರವಾಗಿಲ್ಲ. ಕೆರೆಯ ಉತ್ತರದ ಅಂಚೋ, ಹೊಳೆಯ ಬಾಯಿಯೋ, ತೂಬಿನ ಪಕ್ಕವೋ, ಬೆರಳಿಟ್ಟು ತೋರಿಸಿದರೆ ಸಾಕು. ಮುಂದೊಂದು ವರ್ಷ ಕೆರೆ ಮತ್ತೆ ಬತ್ತುತ್ತದೆ. ಆಗ ನಾನಿರುವುದಿಲ್ಲ, ಯಾರಾದರೂ ಒಬ್ಬ ಹುಡುಗಿ ಇರುತ್ತಾಳೆ, ಬ್ರಷ್ ಹಿಡಿದುಕೊಂಡು. ನಾನೇ ಫೋನ್ ಮಾಡಿದೆ. ಆ ಬೇಸಿಗೆಯಾದ ಮೇಲೆ ಅದೇ ಮೊದಲು.

ಅವಳ ದನಿಯಲ್ಲಿ ಎಷ್ಟು ಸಂತೋಷ! "ಸುನಂದಾ! ಎಷ್ಟ್ ದಿನ ಆಯ್ತೇ! ಎಳನೀರು ಸಿಹಿ ಇತ್ತಾ?"

"ಗಿರಿಜಾ, ಆ ಗೋಡು ಕೆರೆಯ ಯಾವ ಕಡೆಯದು?"

ಆ ಕಡೆ ಎಲ್ಲೋ ಒಂದು ತೆಂಗಿನ ಗರಿ ಬಿದ್ದ ಶಬ್ದ.

"ನೆನಪಿಲ್ಲ ಕಣೇ," ಅಂದಳು. "ವಯಸ್ಸಾಯ್ತಲ್ಲ."

ಮೊದಲನೆಯ ಸುಳ್ಳಿಗೆ ಒಂದು ಬಾವಿ ಇತ್ತು, ತೋಟವಿತ್ತು. ಅದನ್ನು ನಾನು ಅರ್ಥ ಮಾಡಿಕೊಳ್ಳಬಲ್ಲೆ, ಮಾಡಿಕೊಂಡೂ ಇದ್ದೇನೆ. ಈ ಎರಡನೆಯದಕ್ಕೆ ಏನಿತ್ತು? ಊರವರ ಮುಂದೆ ಮಾತು ಬದಲಾಯಿಸಿದವಳಾಗಬಾರದು, ಅಷ್ಟೇ. ಅಷ್ಟಕ್ಕೆ ಅವಳು ನನ್ನ ಇಡೀ ಬಾಳಿನ ಕೆಲಸವನ್ನು ನೀರಿನಡಿಯಲ್ಲೇ ಬಿಟ್ಟಳು. ಬೋರ್ಡಿಂಗಿನ ಒಂದೊಂದು ದಿನದ ಸಾರನ್ನೂ ನೆನಪಿಟ್ಟುಕೊಂಡವಳು.

ಹೋದ ತಿಂಗಳು ಚೂರುಗಳನ್ನೆಲ್ಲ ನಾನು ಪಾಠ ಮಾಡಿದ ಕಾಲೇಜಿನ ಹಿಸ್ಟರಿ ಡಿಪಾರ್ಟ್‌ಮೆಂಟಿಗೆ ಕೊಟ್ಟೆ. ಒಂದು ಗಾಜಿನ ಬೀರುವಿನಲ್ಲಿ ಹತ್ತಿಯ ಮೇಲೆ ಜೋಡಿಸಿದ್ದಾರೆ. ಚೆನ್ನಾಗಿ ಕಾಣುತ್ತವೆ. ಈಗಿನ ಲೆಕ್ಚರರ್, ಚುರುಕಿನ ಹೆಣ್ಣುಮಗಳು, ಲೇಬಲ್ಲನ್ನು ನನ್ನ ಕೈಯಲ್ಲೇ ಬರೆಸಬೇಕೆಂದು ಕಾರ್ಡು, ಪೆನ್ನು ತಂದಿಟ್ಟಳು. ವಸ್ತು: ಚೀನೀ ಪಿಂಗಾಣಿಯ ಚೂರುಗಳು, ಮಣಿಗಳು. ಕಾಲ: ಸುಮಾರು ಸಾವಿರ ವರ್ಷದ ಹಿಂದಿನದು. ಅಲ್ಲಿಯವರೆಗೆ ಸರಾಗವಾಗಿ ಬರೆದೆ.

"ಸಿಕ್ಕ ಜಾಗ ಏನಂತ ಹಾಕ್ತೀರಾ ಮೇಡಂ?" ಎಂದಳು.

"ಗೊತ್ತಿಲ್ಲ ಅಂತ."

"ಯಾರಿಗೂ ಗೊತ್ತಿಲ್ವಾ?"

ಕಾನ್ವೆಂಟಿನಲ್ಲಿ ಕಲಿತ ದುಂಡನೆಯ ಅಕ್ಷರದಲ್ಲಿ 'ತಿಳಿದಿಲ್ಲ' ಎಂದು ಬರೆದು ಪೆನ್ನು ಮುಚ್ಚಿದೆ. ಗೊತ್ತಿರುವವಳು ಗುಬ್ಬಿಯಲ್ಲಿದ್ದಾಳೆ, ಬಸ್ಸಿನಲ್ಲಿ ಹೋದರೆ ಊಟದ ಹೊತ್ತಿಗೆ ವಾಪಸ್ಸು ಬರಬಹುದು, ಎಂದು ಆ ಹುಡುಗಿಗೆ ನಾನು ಹೇಳಲಿಲ್ಲ.